ಹೌದನ್ನಿ ವಿಮಲಮ್ಮ

ವಿಮಲಮ್ಮನ ಮನೆಗೆ ಹೆಪ್ಪಿಗೆ ಮಜ್ಜಿಗೆ ಕೇಳಲು ಹೋದವರು ಹಾಲು ಆರಿ ತಣ್ಣಗಾದ ಮೇಲೆಯೇ ವಾಪಸು ಬರುತ್ತಾರೆ ಎಂದು ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು. ಆಕೆಗೆ ಒಂದು ಮಾತು ಹೇಳಿದರೆ ಅದೇ ಮಾತನ್ನು ತಿರುಗಿಸಿ ನಿಮ್ಮ ಮುಂದೆ ಇಡುತ್ತಿದ್ದಳು. ನಿಮ್ಮ ಬಾಯಿಂದ 'ಹೌದು' ಬರುವ ತನಕ ನಿಂತ ಜಾಗ ಬಿಟ್ಟು ಅಲ್ಲಾಡುತ್ತಿರಲಿಲ್ಲ.

"ಅತ್ಗೆ, ಹೆಪ್ಪಿಗೆ ಒಂದು ಲೋಟ ಮಜ್ಜಿಗೆ ಕೊಡಿ."

"ಮಜ್ಜಿಗೆ. ಹೆಪ್ಪಿಗೆ. ಒಂದು ಲೋಟ. ಹೌದನ್ನಿ."

"ಹೌದು ಅತ್ಗೆ, ಹೌದು! ಮಜ್ಜಿಗೆ ಅಲ್ದೆ ನಿಮ್ಮ ತೋಟ ಕೇಳಿದ್ನಾ ನಾನು?"

ಹೀಗೆ ಆಕೆಗೆ 'ಹೌದನ್ನಿ ವಿಮಲಮ್ಮ' ಎಂಬ ಹೆಸರು ಬಿತ್ತು. ಕಿವಿ ಮಂದ ಎಂದರು ಕೆಲವರು. ಕೈ ಬಿಗಿ, ಕೊಡುವ ಮೊದಲು ಹೊತ್ತು ಕಳೆಯುತ್ತಾಳೆ ಎಂದರು ಇನ್ನು ಕೆಲವರು. ಎರಡೂ ಸುಳ್ಳು. ಕೊಟ್ಟಿಗೆಯಲ್ಲಿ ಹಸು ಮೇವು ಬಿಟ್ಟರೆ ಒಲೆಯ ಮುಂದೆ ಕೂತಲ್ಲಿಂದಲೇ ಆಕೆಗೆ ತಿಳಿಯುತ್ತಿತ್ತು; ಒಂದು ಲೋಟ ಕೇಳಿದವರಿಗೆ ಒಂದೂವರೆ ಲೋಟ ಸಿಗುತ್ತಿತ್ತು. ಆಕೆ ಹುಟ್ಟಿನಿಂದ ಹಾಗಿದ್ದವಳೂ ಅಲ್ಲ. ಒಂದು ಕೂಗು ಆಕೆಯನ್ನು ಹಾಗೆ ಮಾಡಿತು. ಆ ಕೂಗಿನ ಸಂಗತಿ ಹೇಳಬೇಕಾದರೆ ಮೊದಲು ನೀರಿನ ಸಂಗತಿ ಹೇಳಬೇಕು.

ಬಣಕಲ್ಲಿನಿಂದ ಬಾಳೂರಿಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಒಂದು ಹಳ್ಳ ಸಿಗುತ್ತದೆ. ಹಳ್ಳದ ಈಚೆ ದಿಬ್ಬದ ಮೇಲೆ ವಿಮಲಮ್ಮ ಮತ್ತು ಅವಳ ಗಂಡ ಸುಬ್ಬಣ್ಣನ ಮನೆ. ಮನೆಯ ಹಿಂದೆ ಗುಡ್ಡಕ್ಕೆ ಏರಿಕೊಂಡು ಅವರ ಐದು ಎಕರೆ ರೋಬಸ್ಟಾ ಕಾಫಿ ತೋಟ. ಹಳ್ಳದ ಆಚೆ ದಡದಲ್ಲಿ ಚನ್ನಕೇಶವನ ತೋಟ. ಆತ ಸುಬ್ಬಣ್ಣನಿಗೆ ವಯಸ್ಸಿನಲ್ಲಿ ತಮ್ಮನಂಥವನು, ಬಾಯಲ್ಲಿ ಅಣ್ಣನಂಥವನು.

ರೋಬಸ್ಟಾ ಗಿಡದ ಗುಣ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಚಳಿ ಮುಗಿಯುವ ಹೊತ್ತಿಗೆ ಅದು ಮೊಗ್ಗು ಕಟ್ಟಿಕೊಂಡು, ಬಾಯಿ ತೆರೆಯದೆ, ನೀರಿಗೆ ಕಾದು ನಿಲ್ಲುತ್ತದೆ. ಆಗ ಹದವಾಗಿ ಒಂದು ಮಳೆ ಬಿದ್ದರೆ ವಾರ ಕಳೆಯುವುದರೊಳಗೆ ಗುಡ್ಡವೆಲ್ಲ ಬೆಳ್ಳಗಾಗಿ ಮಲ್ಲಿಗೆಯ ಪರಿಮಳ ಬರುತ್ತದೆ. ಬೀಳದಿದ್ದರೆ ಮೊಗ್ಗು ನಿಂತಲ್ಲೇ ಕರಕಾಗುತ್ತದೆ. ತೊಂಬತ್ತರ ಸುಮಾರಿಗೆ ಹಳ್ಳದುದ್ದದ ಜನ ಮುಗಿಲು ನೋಡಿ ನೋಡಿ ಸಾಕಾಗಿ, ಆ ಕೆಲಸವನ್ನು ಹಳ್ಳಕ್ಕೇ ವಹಿಸಿದರು. ಕೆಳಗೆ ನೀರಿನ ಹತ್ತಿರ ಡೀಸೆಲ್ ಇಂಜಿನ್, ಅಲ್ಲಿಂದ ಗುಡ್ಡಕ್ಕೆ ಅಲ್ಯುಮಿನಿಯಂ ಪೈಪು, ಪೈಪಿನ ಮೇಲೆ ಅಲ್ಲಲ್ಲಿ ತಲೆಯೆತ್ತಿ ನಿಂತು ಸುತ್ತುತ್ತಾ ನೀರು ಎರಚುವ ಜೆಟ್ಟು.

ತೋಟದ ಒಂದು ಪಟ್ಟೆ ನೆನೆದ ಮೇಲೆ ಇಂಜಿನ್ ನಿಲ್ಲಿಸಿ, ಪೈಪುಗಳನ್ನು ಬಿಚ್ಚಿ, ಹೆಗಲ ಮೇಲೆ ಹೊತ್ತು, ಮುಂದಿನ ಪಟ್ಟೆಯಲ್ಲಿ ಒಂದಕ್ಕೊಂದು ಕೂಡಿಸಿ ಕೊಂಡಿ ಹಾಕಬೇಕು. ಗುಡ್ಡದ ಮೇಲೆ ಈ ಕೆಲಸಕ್ಕೆ ಸುಬ್ಬಣ್ಣ, ಅವನ ಜೊತೆಗೆ ತೋಟದ ಆಳು ಗಿಡ್ಡಮ್ಮ. ಕೆಳಗೆ ಇಂಜಿನ್ನಿನ ಹತ್ತಿರ ವಿಮಲಮ್ಮ. ನಡುವೆ ಸಿಲ್ವರ್ ಮರ, ಹಲಸು, ಮೆಣಸಿನ ಬಳ್ಳಿ. ಮೇಲಿನವರು ಕೆಳಗಿನವರಿಗೆ ಕಾಣುವುದಿಲ್ಲ. ಕೊನೆಯ ಕೊಂಡಿ ಹಾಕಿದ ಮೇಲೆ ಸುಬ್ಬಣ್ಣ ಬಾಯಿಗೆ ಕೈ ಒಡ್ಡಿ 'ಕೂ' ಎಂದು ಉದ್ದಕ್ಕೆ ಕೂಗು ಹಾಕುತ್ತಿದ್ದ. ಕಾಡಿನಲ್ಲಿ ದನ ಹುಡುಕುವಾಗ ಹಿರಿಯರು ಹಾಕುತ್ತಿದ್ದ ಅದೇ ಕೂಗು. ಅದು ಕೇಳಿದರೆ ವಿಮಲಮ್ಮ ಇಂಜಿನ್ನಿಗೆ ಹ್ಯಾಂಡಲ್ ಹಾಕಿ ತಿರುಗಿಸಿ, ವಾಲ್ವು ತೆಗೆದು ನೀರು ಬಿಡುತ್ತಿದ್ದಳು.

ಹಳ್ಳಕ್ಕೆ ಒಂದೇ ಇಂಜಿನ್ ಇದ್ದಾಗ ಇಷ್ಟು ಸಾಕಿತ್ತು. ಇಂಜಿನ್ನುಗಳು ನಾಲ್ಕಾದವು; ಕೂಗು ಮಾತ್ರ ಎಲ್ಲರದ್ದೂ ಒಂದೇ ಆಗಿ ಉಳಿಯಿತು.

ತೊಂಬತ್ತನಾಲ್ಕರ ಫೆಬ್ರವರಿಯ ಒಂದು ಬೆಳಿಗ್ಗೆ ವಿಮಲಮ್ಮ ಕೂಗಿಗೆ ಕಾದು ಕೂತಿದ್ದಳು. ಕೂಗು ಬಂತು. ಇಂಜಿನ್ ಹಚ್ಚಿ ನೀರು ಬಿಟ್ಟಳು. ಬಿಟ್ಟು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದಾಗ ಗಿಡ್ಡಮ್ಮ ಕಾಫಿ ಗಿಡಗಳ ನಡುವಿನಿಂದ ಬಿದ್ದೆದ್ದು ಓಡಿ ಬರುವುದು ಕಂಡಿತು. ಬಾಯಿ ಆಡುತ್ತಿತ್ತು, ಇಂಜಿನ್ನಿನ ಸದ್ದಿನಲ್ಲಿ ಮಾತು ಮಾತ್ರ ಇರಲಿಲ್ಲ. ಗಿಡ್ಡಮ್ಮ ಬಂದು ತೋಳು ಹಿಡಿದು ಜಗ್ಗಿದಾಗಲೇ ತಿಳಿದದ್ದು.

"ನಿಲ್ಸಿ ಅಮ್ಮ! ಅಯ್ನೋರಿಗೆ ಪೈಪ್ ಹೊಡೀತು, ನಿಲ್ಸಿ!"

ಮೇಲೆ ಇನ್ನೂ ಕೊಂಡಿ ಬೀಳದ ಒಂದು ಕೀಲು ಇತ್ತು. ನೀರಿನ ರಭಸಕ್ಕೆ ಪೈಪು ಹಾರಿ ಸುಬ್ಬಣ್ಣನ ಭುಜಕ್ಕೂ ದವಡೆಗೂ ಬಡಿದಿತ್ತು. ಕೊರಳ ಹತ್ತಿರದ ಮೂಳೆ ಮುರಿಯಿತು, ಎದುರಿನ ಹಲ್ಲುಗಳು ಹೋದವು. ಇನ್ನೊಂದು ಗೇಣು ಮೇಲಕ್ಕೆ ಬಿದ್ದಿದ್ದರೆ ಸುಬ್ಬಣ್ಣ ಉಳಿಯುತ್ತಿರಲಿಲ್ಲ ಎಂದರು ನೋಡಿದವರು. ಕೂಗು ಸುಬ್ಬಣ್ಣನದ್ದಾಗಿರಲಿಲ್ಲ. ಆಚೆ ದಡದಲ್ಲಿ ಚನ್ನಕೇಶವ ತನ್ನ ಇಂಜಿನ್ನಿನವನಿಗೆ ಹಾಕಿದ್ದು.

ಚನ್ನಕೇಶವ ಬಾಳೆಗೊನೆ ಹೊತ್ತುಕೊಂಡು ನೋಡಲು ಬಂದ. ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದ ಸುಬ್ಬಣ್ಣನ ಮುಖ ನೋಡಲಾರದೆ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತ.

"ಕೂಗಿದ್ದು ನಾನು ಅತ್ಗೆ."

"ಕೂಗಿದ್ದು ತಪ್ಪಲ್ಲ ಕೇಶವ. ನಿನ್ನ ತೋಟ, ನಿನ್ನ ನೀರು. ಯಾರ ಕೂಗು ಅಂತ ನಾನು ಕೇಳ್ಬೇಕಿತ್ತು."

"ಅಷ್ಟು ದೂರದಿಂದ ಹ್ಯಾಗೆ ಕೇಳ್ತೀರಿ ನೀವು?"

ಸಮಾಧಾನಕ್ಕೆ ಹೇಳಿದ ಮಾತು ಅದು. ಆದರೆ ಅದು ವಿಮಲಮ್ಮನ ತಲೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ಹ್ಯಾಗೆ ಕೇಳುವುದು? ಕೂಗು ಮೇಲಿನಿಂದ ಕೆಳಗೆ ಬರುತ್ತದೆ. ಕೆಳಗಿನಿಂದ ಮೇಲಕ್ಕೆ ಹೋಗಲು ಏನಿದೆ? ಹೆಂಗಸಿನ ದನಿ ಆ ಮರಗಳನ್ನು ದಾಟುವುದಿಲ್ಲ.

ಆ ವರ್ಷ ಅರ್ಧ ಗುಡ್ಡಕ್ಕೆ ನೀರು ಬೀಳಲೇ ಇಲ್ಲ. ಆ ಅರ್ಧದಲ್ಲಿ ಹೂವೂ ಆಗಲಿಲ್ಲ. ಗಂಡ ಒಂದು ಮಾತು ಬೈದಿದ್ದರೆ ಆಕೆಗೆ ಹಗುರವಾಗುತ್ತಿತ್ತೇನೋ, ಸುಬ್ಬಣ್ಣ ಬೈಯಲಿಲ್ಲ. ಗಂಜಿ ಹೀರುತ್ತಾ, ಹಲ್ಲಿಲ್ಲದ ಜಾಗದಿಂದ ಗಾಳಿ ಬಿಟ್ಟುಕೊಂಡು, "ಈಗ ಸಿಳ್ಳೆ ಚೆನ್ನಾಗಿ ಬರ್ತದೆ ಮಾರಾಯ್ತಿ" ಎಂದು ನಗಿಸಲು ನೋಡಿದ. ಆಕೆ ನಗಲಿಲ್ಲ.

ಮೂಳೆ ಕೂಡಿಕೊಂಡಿತು. ಮತ್ತೆ ಮೊಗ್ಗು ಕಟ್ಟುವ ಕಾಲ ಬಂತು. ಸುಬ್ಬಣ್ಣ ಪೈಪುಗಳನ್ನು ಶೆಡ್ಡಿನಿಂದ ತೆಗೆದು ಅಂಗಳದಲ್ಲಿ ಹರಡಿಕೊಂಡು ಕೂತ.

"ಇಂಜಿನ್ ಹತ್ರ ನೀನು ಕೂರ್ತೀಯಾ, ಇಲ್ಲ ಬೇರೆ ಯಾರ್ನಾದ್ರೂ ನೋಡ್ಲಾ?"

ವಿಮಲಮ್ಮ ಹಳ್ಳಕ್ಕೆ ಇಳಿದು ಹೋಗಿ ವಾಲ್ವಿನ ಚಕ್ರದ ಮೇಲೆ ಕೈ ಇಟ್ಟು ನೋಡಿದಳು. ಇಟ್ಟ ಕೈಯನ್ನು ಹಿಂದಕ್ಕೆಳೆದುಕೊಂಡಳು. ಗಂಡ ಗುಡ್ಡದ ಮೇಲಿರುವಾಗ ಆ ಚಕ್ರ ತಿರುಗಿಸುವುದು ತನ್ನಿಂದ ಆದೀತೇ ಎಂಬುದು ಆಕೆಗೆ ಗೊತ್ತಿರಲಿಲ್ಲ. ಬೇರೆಯವರನ್ನು ಕೂರಿಸಿದರೂ ಕೂಗು ಅದೇ ತಾನೆ? ಆಗ ಅವರ ಕೈ ಹಿಂಜರಿಯುವುದಿಲ್ಲ, ಅಷ್ಟೇ. ಹಿಂಜರಿಯದ ಕೈ ಇನ್ನೂ ಅಪಾಯದ್ದು.

"ನಾನೇ ಕೂರ್ತೀನಿ," ಎಂದಳು ವಾಪಸು ಬಂದು. "ಆದ್ರೆ ನಿಮ್ದೇ ಕೂಗು ಅಂತ ಗೊತ್ತಾಗ್ದೆ ನಾನು ನೀರು ಬಿಡೋದಿಲ್ಲ."

"ಮೂರು ಸಲ ಕೂಗ್ತೀನಿ ಬಿಡು."

ಕೂಗಿ ನೋಡಿದರು. ಮೂರರಲ್ಲಿ ಒಂದನ್ನು ಗಾಳಿ ನುಂಗಿತು. ಇನ್ನೊಂದು ದಿನ ಮೂರರ ಜೊತೆಗೆ ಆಚೆ ದಡದ್ದೊಂದು ಸೇರಿ ನಾಲ್ಕಾಯಿತು. ಎರಡು ಕೇಳಿಸಿದರೆ ಮೂರೆಂದು ತಿಳಿಯಬೇಕೋ, ಬೇಡವೋ? ಅಷ್ಟರಲ್ಲಿ ಚನ್ನಕೇಶವನೂ ತನ್ನ ಕಡೆಯಿಂದ ಅನಾಹುತವಾಗಬಾರದೆಂದು ಮೂರು ಸಲ ಕೂಗತೊಡಗಿದ. ಅವನ ಪಕ್ಕದವರು ಐದಕ್ಕೇರಿದರು. ವಾರದೊಳಗೆ ಹಳ್ಳದುದ್ದಕ್ಕೂ ಕೂಗುವವರೇ ಕೂಗುವವರು. ಮಂಗಗಳು ಕೂಡ ಬೇರೆ ತೋಟ ನೋಡಿಕೊಂಡವು ಎಂದು ಗಿಡ್ಡಮ್ಮ ನಕ್ಕಳು.

"ಪೈಪ್ ಬಡೀಲಾ? ಅದು ನಮ್ದೇ ಪೈಪು, ಬೇರೆಯವ್ರ ಸದ್ದು ಅದ್ರಲ್ಲಿ ಬರೋದಿಲ್ಲ," ಎಂದ ಸುಬ್ಬಣ್ಣ.

ಅದೂ ಆಗಲಿಲ್ಲ. ಕೊಂಡಿ ಹಾಕಿದರೂ ಠಣ್, ಪೈಪು ಕಲ್ಲಿಗೆ ತಾಗಿದರೂ ಠಣ್, ಗಿಡ್ಡಮ್ಮ ಕತ್ತಿ ಕೆಳಗಿಟ್ಟರೂ ಠಣ್. ಕೆಲಸದ ಸದ್ದು ಯಾವುದು, ಹೇಳುವ ಸದ್ದು ಯಾವುದು ಎಂದು ಕೆಳಗೆ ಕೂತವಳಿಗೆ ಹೇಗೆ ತಿಳಿಯಬೇಕು?

ಒಂದು ದಿನ ಕೂಗು ಕೇಳಿದ ಹಾಗಾಯಿತು. ತಮ್ಮದೋ, ಅಲ್ಲವೋ. ವಿಮಲಮ್ಮ ನೀರು ಬಿಡಲಿಲ್ಲ. ಸುಮ್ಮನೆ ಕೂರಲೂ ಆಗಲಿಲ್ಲ. ವಾಲ್ವು ಮುಚ್ಚಿಕೊಂಡೇ ಇಂಜಿನ್ ಹಚ್ಚಿ, ನಿಧಾನಕ್ಕೆ ಓಡಲು ಬಿಟ್ಟಳು. ಅವರ ಇಂಜಿನ್ನಿಗೆ ಹಳೆಯ ಕೆಮ್ಮಿನ ಹಾಗೆ ಒಂದು ಸದ್ದಿತ್ತು. ಊರಿಗೇ ಗೊತ್ತಿದ್ದ ಸದ್ದು. ಗುಡ್ಡದ ಮೇಲೆ ಕೊಂಡಿ ಹಿಡಿದು ಕೂತಿದ್ದ ಸುಬ್ಬಣ್ಣ ಅದನ್ನು ಕೇಳಿ ಬೆಚ್ಚಿದ. ನೀರು ಬಂದೇ ಬಿಟ್ಟಿತೆಂದು, ಬೇಡ ಬೇಡ ಎನ್ನಲು ಕೈಗೆ ಸಿಕ್ಕ ಕಬ್ಬಿಣದಿಂದ ಪೈಪಿಗೆ ಪಟಪಟ ಬಡಿದ. ಇಂಜಿನ್ನಿಗೂ ಪೈಪಿಗೂ ನಡುವೆ ರಬ್ಬರಿನ ಹೋಸು. ಅದರಿಂದಾಚೆ ಪೈಪಿಗೆ ಇಂಜಿನ್ನಿನ ನಡುಕ ಅಷ್ಟಾಗಿ ಬರುತ್ತಿರಲಿಲ್ಲ. ಅಲ್ಲಿ ಕೈಯೂರಿ ಕೂತಿದ್ದ ವಿಮಲಮ್ಮನ ಅಂಗೈಗೆ ಆ ಬಡಿತ ಸ್ಪಷ್ಟವಾಗಿ ಮುಟ್ಟಿತು.

ಇಂಜಿನ್ ನಿಲ್ಲಿಸಿ ಆಕೆ ಅಲ್ಲೇ ಕಲ್ಲಿನ ಮೇಲೆ ಕೂತು ನಕ್ಕಳು. ಕೇಳುವುದು ಹ್ಯಾಗೆ ಎಂಬುದಕ್ಕೆ ದಾರಿ ಸಿಕ್ಕಿತ್ತು. ಇಂಜಿನ್ ಕೇಳುತ್ತದೆ, ಪೈಪು ಹೇಳುತ್ತದೆ. ಕೇಳುವ ಮೊದಲು ಬಂದ ಠಣ್ಣಿಗೆ ಅರ್ಥವಿಲ್ಲ. ಕೇಳಿದ ಮೇಲೆ ಬಂದ ಠಣ್ಣು ಉತ್ತರ.

ಸಂಜೆ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಸುಬ್ಬಣ್ಣನೂ ಒಪ್ಪಿದ. "ಸರಿ ಹಾಗಾದ್ರೆ. ನೀನು ಇಂಜಿನ್ ಸಣ್ಣಕ್ಕೆ ಹಚ್ಚು. ಬೇಡ ಅಂದ್ರೆ ನಾನು ಬಡೀತೀನಿ. ಬಡೀದೆ ಇದ್ರೆ ಬಿಡು ನೀರು."

ವಿಮಲಮ್ಮ ಲೋಟ ಕೆಳಗಿಟ್ಟಳು. "ಅದಾಗೋದಿಲ್ಲ."

"ಯಾಕೆ?"

"ನೀವು ಬೇಡ ಅಂತ ಬಡ್ದದ್ದು ನನಗೆ ಮುಟ್ಲಿಲ್ಲ ಅಂತಿಟ್ಕೊಳ್ಳಿ. ಸುಮ್ನಿದಾರೆ ಅಂತ ನಾನು ನೀರು ಬಿಡ್ತೀನಿ. ಮತ್ತೆ ಅದೇ ಕತೆ. ಬೇಕು ಅಂದ್ರೆ ಬಡೀರಿ. ಬಡೀದೆ ಇದ್ರೆ ನಾನು ಬಿಡೋದಿಲ್ಲ. ಆಗ ಬಡಿತ ದಾರೀಲಿ ಕಳೆದು ಹೋದ್ರೂ ಬರೀ ಒಂದು 'ಹೌದು' ಕಳೆದು ಹೋಗ್ತದೆ. ಹೋದ್ರೆ ಇನ್ನೊಂದು ಸಲ ಕೇಳ್ತೀನಿ, ಅಷ್ಟೇ ತಾನೆ?"

ಸುಬ್ಬಣ್ಣ ನಾಲಿಗೆಯಿಂದ ಹಲ್ಲಿಲ್ಲದ ಜಾಗ ಮುಟ್ಟಿಕೊಂಡ. "ಇಷ್ಟು ದಿನ ಈ ಬುದ್ಧಿ ಎಲ್ಲಿಟ್ಟಿದ್ದೆ?"

"ಒಲೆ ಮೇಲೆ," ಎಂದಳು. ಒಂದು ವರ್ಷದ ಮೇಲೆ ಆಕೆ ಆಡಿದ ಮೊದಲ ತಮಾಷೆ ಅದು.

ಮಾರನೆಯ ಬೆಳಿಗ್ಗೆ ಕೂಗು ಬಂತು. ಇಂಜಿನ್ ಕೆಮ್ಮಿತು. ವಿಮಲಮ್ಮ ಎಡಗೈ ಪೈಪಿನ ಮೇಲೆ, ಬಲಗೈ ವಾಲ್ವಿನ ಮೇಲೆ ಇಟ್ಟು ಕಾದಳು. ಏನೂ ಬರಲಿಲ್ಲ. ನಿಲ್ಲಿಸಿದಳು. ಅದು ಆಚೆ ದಡದ ಕೂಗು. ಮತ್ತೊಂದು ಕೂಗು, ಮತ್ತೆ ಇಂಜಿನ್, ಮತ್ತೆ ಅಂಗೈ. ಠಣ್. ಬಲಗೈ ಚಕ್ರ ತಿರುಗಿಸಿತು. ಗುಡ್ಡದ ಮೇಲೆ ಜೆಟ್ಟು ಚಿಟಿಕೆ ಹಾಕುತ್ತಾ ಸುತ್ತುವುದು ಎಡ ಅಂಗೈಗೆ ತಿಳಿಯುವ ತನಕ ಆಕೆ ಚಕ್ರ ಬಿಡಲಿಲ್ಲ. ಆ ವರ್ಷ ಐದೂ ಎಕರೆ ಬೆಳ್ಳಗಾಯಿತು. ಹೂವಿನ ದಿನ ಸುಬ್ಬಣ್ಣ ಆಕೆಯನ್ನು ತುದಿಯ ತನಕ ಕರೆದುಕೊಂಡು ಹೋಗಿ, ಪೈಪು ಹಾರಿದ್ದ ಜಾಗದಲ್ಲಿ ಕೂರಿಸಿ ತೋರಿಸಿದ. ಸುತ್ತಲೂ ಜೇನ್ನೊಣಗಳ ಸದ್ದು.

ಚನ್ನಕೇಶವ ಬಿಡುವವನೇ? "ಇಷ್ಟೆಲ್ಲ ಕೇಳಿ, ಹೇಳಿ ಮಾಡಿದ್ರೆ ಪೈಪಲ್ಲಿ ನೀರು ಜಾಸ್ತಿ ಬರ್ತದಾ ಅತ್ಗೆ?"

"ಇಲ್ಲ ಕೇಶವ. ಪೈಪೂ ಅದೇ, ಕೂಗೂ ಅದೇ. ನೀರು ಒಂದು ಹನಿ ಹೆಚ್ಚೋದಿಲ್ಲ. ನಿನ್ನ ಹಾಗೆ ಮೂರು ಸಲ ಅರಚೋದು ತಪ್ತು. ಮುಟ್ಟಿತಾ ಇಲ್ವಾ ಅಂತ ಗೊತ್ತಾಗ್ತದೆ."

ಆದರೆ ಮಧ್ಯಾಹ್ನದ ಗಾಳಿಯ ವಿಷಯದಲ್ಲಿ ಆಕೆಗೇ ಅಚ್ಚರಿ ಕಾದಿತ್ತು. ಘಟ್ಟದ ಕಡೆಯಿಂದ ಬರುವ ಗಾಳಿ ಸಮನಾಗಿ ಬೀಸುವುದಿಲ್ಲ. ಎದ್ದರೆ ಸ್ವಲ್ಪ ಹೊತ್ತು ಎದ್ದೇ ಇರುತ್ತದೆ, ಬಿದ್ದರೆ ಸ್ವಲ್ಪ ಹೊತ್ತು ಬಿದ್ದೇ ಇರುತ್ತದೆ. ಕೊಂಬೆಗಳು ಪೈಪಿಗೆ ಬಡಿದು ಅಂಗೈಯಲ್ಲಿ ಬರೀ ಗಲಾಟೆ. ಉತ್ತರ ಒಂದು ಸಲ ಬರಲಿಲ್ಲವೆಂದರೆ ಕೂಡಲೇ ಕೇಳಿದರೂ ಬರುವುದಿಲ್ಲ. ಬೇರೆಯವರು ಆ ಹೊತ್ತಿನಲ್ಲೆಲ್ಲ ಕೂಗಿ ಗಂಟಲು ಹರಿದುಕೊಳ್ಳುತ್ತಿದ್ದರು, ಕೆಳಗೆ ಮೇಲೆ ಓಡಾಡುತ್ತಿದ್ದರು. ವಿಮಲಮ್ಮ ಡೀಸೆಲ್ ತುಂಬುವುದು, ನೀರೆಳೆಯುವ ಬಾಯಿಗೆ ಸಿಕ್ಕಿದ ಎಲೆ ತೆಗೆಯುವುದು ಮಾಡಿಕೊಂಡು, ಗಾಳಿ ಬಿದ್ದ ಗಳಿಗೆಗೆ ಸರಿಯಾಗಿ ಕೇಳುತ್ತಿದ್ದಳು. ಗಾಳಿಯ ದಿನಗಳಲ್ಲಿ ಅವರ ತೋಟದಲ್ಲಿ ಬೇರೆಯವರಿಗಿಂತ ಒಂದು ಪಟ್ಟೆ ಹೆಚ್ಚೇ ನೆನೆಯುತ್ತಿತ್ತು. "ಇದು ಮಾತ್ರ ಜಾಸ್ತಿ ಆಯ್ತು ನೋಡು," ಎಂದು ಆಕೆಯೇ ಚನ್ನಕೇಶವನಿಗೆ ಹೇಳಿದಳು. ಮರುವರ್ಷ ಅವನೂ ಪೈಪಿಗೆ ಕೈಯಿಟ್ಟು ಕೂತ. ಅದರ ಮರುವರ್ಷ ಹಳ್ಳದುದ್ದಕ್ಕೂ ಅದೇ ರೂಢಿಯಾಯಿತು.

ಹಳ್ಳದ ರೂಢಿ ಮನೆಯೊಳಗೂ ಬಂತು. ಮಗಳು ಧನ್ಯಾ ಕಾಲೇಜಿಗೆ ಹೋಗುವಾಗ "ನಾಲ್ಕರ ಬಸ್ಸಿಗೆ ಬರ್ತೀನಿ" ಎಂದರೆ, "ನಾಲ್ಕರ ಬಸ್ಸಿಗೆ. ಹೌದನ್ನು." "ಅಮ್ಮ, ನಾನು ಪೈಪಾ?" ಎಂದು ಹುಡುಗಿ ಕಾಲು ಬಡಿಯುತ್ತಿದ್ದಳು. ಮನೆಗೆ ಫೋನು ಬಂದ ಮೇಲೆ ಕೇಳಲೇಬೇಡಿ. ಮಳೆಗಾಲದಲ್ಲಿ ಲೈನು ಗೊರಗುಟ್ಟುವಾಗ ವಿಮಲಮ್ಮನ ಹತ್ತಿರ ಮಾತಾಡಲು ಹೆದರಿ ನೆಂಟರು ಸುಬ್ಬಣ್ಣನನ್ನೇ ಕರೆಯಿರಿ ಎನ್ನುತ್ತಿದ್ದರು.

ಧನ್ಯಾಳಿಗೆ ಸಂಬಂಧ ಬಂತು. ಹುಡುಗನ ಕಡೆಯವರು ಜಗಲಿಯಲ್ಲಿ ಕೂತರು. ಒಳ್ಳೆಯ ಜನ, ಒಳ್ಳೆಯ ತೋಟ. ಒಳಗೆ ವಿಮಲಮ್ಮ ಮಗಳನ್ನು ಕೇಳಿದಳು. ಧನ್ಯಾ ತಲೆ ತಗ್ಗಿಸಿಕೊಂಡು ಸುಮ್ಮನೆ ನಿಂತಳು. ಸುಬ್ಬಣ್ಣನ ಅಕ್ಕ, "ಇನ್ನೇನು, ಹೆಣ್ಮಕ್ಕಳು ಸುಮ್ನಿದ್ರೆ ಒಪ್ಪಿಗೆ ಅಂತ್ಲೇ. ಹೋಗಿ ಹೇಳು," ಎಂದಳು. ಎಲ್ಲ ಮನೆಗಳಲ್ಲೂ ಹಾಗೇ ನಡೆಯುವುದು. ವಿಮಲಮ್ಮ ಇನ್ನೊಂದು ಸಲ ಕೇಳಿದಳು, ಕಾದಳು. ಹೊರಗೆ ಹೋಗಿ ಕೈ ಮುಗಿದು, "ಮಗಳು ಹೌದು ಅನ್ಲಿಲ್ಲ. ಕಾಫಿ ಕುಡ್ಕೊಂಡು ಹೋಗ್ಬೇಕು," ಎಂದುಬಿಟ್ಟಳು.

ಮನೆಯಲ್ಲಿ ದೊಡ್ಡ ರಂಪ. ಸುಬ್ಬಣ್ಣನ ಅಕ್ಕ ಊಟ ಮಾಡದೆ ಬಸ್ಸು ಹತ್ತಿದಳು. ಸುಬ್ಬಣ್ಣ ಕೂಡ ಮುಖ ಊದಿಸಿದ. ದೀಪ ಹಚ್ಚುವ ಹೊತ್ತಿಗೆ ಧನ್ಯಾ ಅಡಿಗೆಮನೆಗೆ ಬಂದು ತಾಯಿಯ ಬೆನ್ನಿಗೆ ಒರಗಿಕೊಂಡಳು.

"ಹೇಳೋಕೆ ಭಯ ಆಗಿತ್ತಮ್ಮ. ಇಷ್ಟ ಇರ್ಲಿಲ್ಲ."

"ಗೊತ್ತಾಯ್ತಲ್ಲ ಬಿಡು."

ಎರಡು ವರ್ಷದ ಮೇಲೆ ವಸ್ತಾರೆಯ ಕಡೆಯ ಹುಡುಗ ನೋಡಲು ಬಂದಾಗ, ತಾಯಿ ಬಾಯಿ ತೆರೆಯುವ ಮೊದಲೇ ಧನ್ಯಾ ಜಗಲಿಗೆ ಕೇಳುವ ಹಾಗೆ "ಹೌದು" ಎಂದಳು. ಹುಡುಗನ ತಂದೆಯ ಕೈಯಲ್ಲಿದ್ದ ಕಾಫಿ ಅರ್ಧ ಚೆಲ್ಲಿತು.

ಎರಡು ಸಾವಿರದ ಏಳರ ಹೂಮಳೆಯ ಕಾಲ. ಮಳೆ ಬಂದಿರಲಿಲ್ಲ, ಇಂಜಿನ್ನುಗಳು ಓಡುತ್ತಿದ್ದವು. ವಿಮಲಮ್ಮನಿಗೆ ಕೆಲವು ತಿಂಗಳಿಂದ ಹೊಟ್ಟೆಯಲ್ಲಿ ನೋವು. ಮೂಡಿಗೆರೆಯ ಡಾಕ್ಟರು ಚಿಕ್ಕಮಗಳೂರಿಗೆ ಹೋಗಿ ತೋರಿಸಿ ಎಂದಿದ್ದರು. ಧನ್ಯಾ ತಾಯಿಯ ಬದಲು ಇಂಜಿನ್ ನೋಡಿಕೊಳ್ಳಲು ವಸ್ತಾರೆಯಿಂದ ಬಂದಿದ್ದಳು. ಚನ್ನಕೇಶವ ಜೀಪು ತಂದ. ಸುಬ್ಬಣ್ಣ ತಾನೂ ಬರುತ್ತೇನೆಂದು ಹಟ ಹಿಡಿದಿದ್ದ, ವಿಮಲಮ್ಮ ಬಿಡಲಿಲ್ಲ. ಹಳ್ಳದಲ್ಲಿ ನೀರು ಕಡಿಮೆ, ಅವರ ಸರದಿ ಅಂದೇ. ತಪ್ಪಿದರೆ ಮೊಗ್ಗು ಉಳಿಯುವುದಿಲ್ಲ.

"ನಾಳೆ ಬನ್ನಿ. ನೀರು ಮುಗಿಸ್ಕೊಂಡು ನಾಳೆ. ಹೌದನ್ನಿ."

"ಹೌದು ಮಾರಾಯ್ತಿ. ಹೊರಡುವಾಗ ನನಗೆ ಗೊತ್ತಾಗ್ಬೇಕು ಮತ್ತೆ."

"ಇಂಜಿನ್ ಸದ್ದು ಎರಡು ಸಲ ಇಳಿಸ್ತಾಳೆ ಧನ್ಯಾ. ಕೇಳಿದ್ರೆ ಬಡೀರಿ."

ಆ ಮನೆಯಿಂದ ಆಕೆ ಹೊರಟ ಕೊನೆಯ ಸಲ ಅದು. ಮಾರನೆಯ ದಿನ ಸುಬ್ಬಣ್ಣ ಆಸ್ಪತ್ರೆಗೆ ಹೋದ, ಆಮೇಲೆ ದಿನಾ ಜೊತೆಗಿದ್ದ. ಆಕೆ ಮಾತ್ರ ಮನೆಗೆ ವಾಪಸು ಬರಲಿಲ್ಲ. ಅಂದು ಅದು ಯಾರಿಗೂ ಗೊತ್ತಿರಲಿಲ್ಲ.

ಹೊರಡುವ ಹೊತ್ತಿಗೆ ಗಾಳಿ ಎದ್ದಿತು. ಅಂಗಳದ ಅಂಚಿನಲ್ಲೇ ಪೈಪು ಗುಡ್ಡಕ್ಕೆ ಏರುತ್ತಿತ್ತು. ವಿಮಲಮ್ಮ ಹೊಸ ಸೀರೆಯ ನೆರಿಗೆ ಎತ್ತಿ ಹಿಡಿದು, ಬಗ್ಗಿ, ಅದರ ಮೇಲೆ ಕೈಯಿಟ್ಟಳು. ಕೆಳಗೆ ಧನ್ಯಾಳಿಗೆ ಸನ್ನೆ ಮಾಡಿದಳು. ಇಂಜಿನ್ ಇಳಿಯಿತು, ಏರಿತು, ಇಳಿಯಿತು. ಅಂಗೈಯಲ್ಲಿ ಕೊಂಬೆಗಳ ಗಲಾಟೆ ಬಿಟ್ಟರೆ ಏನಿಲ್ಲ.

ಚನ್ನಕೇಶವ ಜೀಪಿನ ಬಾಗಿಲು ಹಿಡಿದು ನಿಂತಿದ್ದ. "ಅತ್ಗೆ, ಡಾಕ್ಟ್ರು ಕಾಯೋದಿಲ್ಲ. ಸುಬ್ಬಣ್ಣಂಗೆ ನಾನು ಹೇಳ್ತೀನಿ ಬಿಡಿ."

"ಗಾಳಿ ಇಳೀಲಿ ಕೇಶವ."

"ಹೋಗ್ತೀರಿ ಅಂತ ಅವ್ನಿಗೆ ಗೊತ್ತಿದೆಯಲ್ಲ!"

"ಗೊತ್ತಿರ್ಬಹುದು. ಅವ್ರಿಗೆ ಗೊತ್ತಾಗಿದೆ ಅಂತ ನಂಗೆ ಗೊತ್ತಾಗ್ಬೇಡ್ವಾ?"

ಚನ್ನಕೇಶವ ಬಾಗಿಲು ಬಿಟ್ಟು ಜೀಪಿಗೆ ಒರಗಿದ. ವಿಮಲಮ್ಮ ಮೆಟ್ಟಿಲ ಮೇಲೆ ಕೂತಳು. ಸಿಲ್ವರ್ ಮರಗಳ ತುದಿ ತೂಗಿ ತೂಗಿ ನಿಧಾನಕ್ಕೆ ನೆಟ್ಟಗಾದವು. ಆಕೆ ಎದ್ದು ಮತ್ತೆ ಸನ್ನೆ ಮಾಡಿದಳು. ಇಂಜಿನ್ ಇಳಿಯಿತು, ಏರಿತು, ಇಳಿದು ನಿಧಾನದಲ್ಲೇ ನಿಂತಿತು.

ಠಣ್.

ಆಮೇಲೆ, ಒಪ್ಪಂದದಲ್ಲಿ ಇಲ್ಲದ್ದು, ಇನ್ನೊಂದು. ಠಣ್.

"ಒಂದು ಸಾಕಿತ್ತು," ಎಂದು ವಿಮಲಮ್ಮ ನಕ್ಕಳು. ಅಂಗಳದಿಂದ ಒಂದು ಕಲ್ಲು ಹೆಕ್ಕಿ, ಮುಟ್ಟಿತು ಎಂದು ಪೈಪಿಗೆ ಒಮ್ಮೆ ಮೆಲ್ಲಗೆ ಬಡಿದಳು. ಕಲ್ಲನ್ನು ಮೆಟ್ಟಿಲ ಪಕ್ಕ ಇಟ್ಟು, ಕೈ ಒರೆಸಿಕೊಂಡು ಜೀಪು ಹತ್ತಿದಳು. ಜೀಪು ಹಳ್ಳ ದಾಟುವಷ್ಟರಲ್ಲಿ ಇಂಜಿನ್ ಮತ್ತೆ ಜೋರಾಯಿತು. ಗುಡ್ಡದ ಮೇಲೆ ಜೆಟ್ಟುಗಳು ಒಂದೊಂದಾಗಿ ಸುತ್ತತೊಡಗಿದವು.